ದಿವಾನಜಿಯ ಬೆರಳು

ಹೋದ ಚಳಿಗಾಲದಲ್ಲಿ ಬ್ಯಾಡಗಿಯಿಂದ ನನ್ನ ಬಾಲ್ಯದ ಗೆಳೆಯನೊಬ್ಬ ಪೆನ್‌ಡ್ರೈವ್ ಕಳಿಸಿದ. ಅವನ ಅಜ್ಜ ಶುರುಮಾಡಿದ ಮೆಣಸಿನಕಾಯಿ ದಲಾಲಿ ಅಂಗಡಿ ಈಗ ಅವನ ಕೈಯಲ್ಲಿದೆ. ಮೋಟೆಬೆನ್ನೂರು ಕಡೆಯ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದು, ತೀರಿಹೋದ ತನ್ನ ತಂದೆಯ ಹಳೆಯ ಲೆಕ್ಕ ಕೇಳಿದ್ದಳು. ಮನೆಯಲ್ಲಿ ಹಿಸ್ಸೆ ನಡೆದಿತ್ತು. ಯಾವ ವರ್ಷ ಎಷ್ಟು ಮಾಲು ಯಾರ ಹೆಸರಿನಲ್ಲಿ ಪೇಟೆಗೆ ಬಂದಿತ್ತು ಅನ್ನುವುದು ಅವಳಿಗೆ ಬೇಕಾಗಿತ್ತು. "ರಾಶಿ ಫೈಲು ಅದಾವು. ಒಂದೊಂದ ತಗದು ನೋಡಾಕ ನನ್ನ ಕಡಿಂದ ಆಗಂಗಿಲ್ಲ. ನಿನಗ ಕಂಪ್ಯೂಟರ್ ಗೊತ್ತೈತಿ, ನೀನ ಹುಡುಕು" ಅಂದ.

ಹುಡುಕುವುದು ನನಗೆ ರೂಢಿಯ ಕೆಲಸ. ಕಪ್ಪು ಪರದೆ ತೆರೆದು ಗ್ರೆಪ್ ಅನ್ನುವ ಆಜ್ಞೆ ಬರೆದೆ. ಒಂದು ಪದವನ್ನೋ ಪದದ ಮಾದರಿಯನ್ನೋ ಕೊಟ್ಟು, ಯಾವ ಕಡತಗಳಲ್ಲಿ ನೋಡಬೇಕೆಂದು ಹೇಳಿದರೆ, ಅದು ಇರುವ ಸಾಲುಗಳನ್ನೆಲ್ಲ ಗ್ರೆಪ್ ಒಂದರ ಕೆಳಗೊಂದು ತಂದಿಡುತ್ತದೆ. ಯಾವ ಕಡತ, ಎಷ್ಟನೆಯ ಸಾಲು ಅಂತ ಕೇಳಿದರೆ ಅದನ್ನೂ ಹೇಳುತ್ತದೆ. ಸಿಗದಿದ್ದರೆ ಏನನ್ನೂ ಹೇಳುವುದಿಲ್ಲ. ಆ ತಂದೆಯ ಹೆಸರು ಕೊಟ್ಟೆ, ಏನೂ ಬರಲಿಲ್ಲ. ಊರಿನ ಹೆಸರು ಕೊಟ್ಟೆ, ಆಗಲೂ ಇಲ್ಲ. ಆ ಖಾಲಿ ಪರದೆಯ ಮುಂದೆ ಕೂತಾಗ ನೆನಪಾದವರು ಅದೇ ಅಂಗಡಿಯ ದಿವಾನಜಿ ಕಾಕಾ. ಅವರು "ಸಿಗವಲ್ದು" ಅನ್ನುತ್ತಿದ್ದ ರೀತಿಯೂ ನೆನಪಾಯಿತು.

ನಮ್ಮಪ್ಪ ಆ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಗೆ ಸೇರಿತ್ತು. ಜನವರಿಯಿಂದ ಏಪ್ರಿಲ್‌ವರೆಗೆ ಸೋಮವಾರ, ಗುರುವಾರ ಬಂತೆಂದರೆ ಪೇಟೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಮ್ಮ ಸುತ್ತಿನ ಹಳ್ಳಿಗಳಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಲಾರಿಗಳು ಬರುತ್ತಿದ್ದವು. ಹಮಾಲರು ಚೀಲ ಸುರಿದು ರಾಶಿ ಮಾಡಿದರೆ ಅಂಗಡಿಯ ಮುಂದೆ ನೆಲವೇ ಕೆಂಪಾಗುತ್ತಿತ್ತು. ಹೊರಗಿನಿಂದ ಬಂದವರು ಸೀನುತ್ತಿದ್ದರು, ನಮಗೆ ಘಾಟು ತಿಳಿಯುತ್ತಲೇ ಇರಲಿಲ್ಲ. ಬ್ಯಾಡಗಿ ಕಾಯಿಗೆ ಹೆಸರು ಬಂದದ್ದು ಖಾರಕ್ಕಲ್ಲ, ಬಣ್ಣಕ್ಕೆ. ಆ ಸುಕ್ಕು ಸಿಪ್ಪೆಯಿಂದ ತೆಗೆದ ಬಣ್ಣ ಅಡುಗೆಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ನಾನು ಹುಡುಗನಾಗಿದ್ದಾಗ ನಮಗೆ ಗೊತ್ತಿದ್ದದ್ದು ಇಷ್ಟೇ: ಡಬ್ಬಿ ಒಂದು, ಕಡ್ಡಿ ಒಂದು, ಎರಡಕ್ಕೂ ದರ ಬೇರೆ.

ಶಾಲೆ ಬಿಟ್ಟ ಮೇಲೆ ನಾನು ದಿವಾನಜಿ ಕಾಕಾನ ಡೆಸ್ಕಿನ ಪಕ್ಕ ಕೂರುತ್ತಿದ್ದೆ. ತೂಕದ ಚೀಟಿ ಓದಿ ಹೇಳುವುದು ನನ್ನ ಕೆಲಸ, ಕಿರ್ದಿಗೆ ಏರಿಸುವುದು ಅವರ ಕೆಲಸ. ಕಿರ್ದಿಯಿಂದ ಖಾತಾವಣಿಗೆ, ಖಾತಾವಣಿಯಿಂದ ರೈತನ ಕೈಗೆ ಕೊಡುವ ಪಟ್ಟಿಗೆ ಲೆಕ್ಕ ಹೋಗುತ್ತಿತ್ತು. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ವಹಿಗಳು ಅವರ ಬೆನ್ನ ಹಿಂದಿನ ಗೂಡಿನಲ್ಲಿ ಇರುತ್ತಿದ್ದವು. ಪ್ರತಿ ದೀಪಾವಳಿ ಪಾಡ್ಯಕ್ಕೆ ಹೊಸ ವಹಿ ಪೂಜೆಯಾಗಿ ಸಾಲು ಸೇರುತ್ತಿತ್ತು.

ಯಾರಾದರೂ ಬಂದು ಹಳೆಯ ಲೆಕ್ಕ ಕೇಳಿದರೆ ಕಾಕಾ ಯಾದಿ ನೋಡುತ್ತಿರಲಿಲ್ಲ. ನೇರವಾಗಿ ಖಾತಾವಣಿ ತೆಗೆದು, ಬಲಗೈಯ ತೋರುಬೆರಳನ್ನು ಸಾಲುಗಳ ಎಡತುದಿಗಲ್ಲ, ಬಲತುದಿಗೆ ಇಟ್ಟು ಕೆಳಗೆ ಜಾರಿಸುತ್ತಿದ್ದರು. ಒಮ್ಮೆ ಕೇಳಿದೆ, ಹೆಸರು ಈ ಕಡೆ ಐತಲ್ಲ ಕಾಕಾ ಅಂತ. "ಹೆಸರ ನೋಡಕೋಂತ ಕುಂತ್ರ ಮುಗಿತಪಾ. ಬಸಪ್ಪ, ನಿಂಗಪ್ಪ, ಮಲ್ಲಪ್ಪ, ಹಾಳಿಗಿ ಹತ್ತ ಮಂದಿ ಅದಾರ. ಊರ ಕಡಿಗೆ ಇರತೈತಿ. ಊರ ತಪ್ಪಿದ್ರ ಆ ಸಾಲ ನೋಡೂದ ಬ್ಯಾಡ" ಅಂದರು. ಶಿಡೇನೂರು, ಕದರಮಂಡಲಗಿ, ಕಾಗಿನೆಲೆ ಎಂದು ಸಾಲಿನ ಕಡೆಯಲ್ಲಿ ಬರೆದ ಊರುಗಳನ್ನು ಅವರ ಬೆರಳು ಓದುತ್ತ ಹೋಗುತ್ತಿತ್ತು. ಬೇಕಾದ ಊರು ಬಂದಾಗ ಮಾತ್ರ ಕಣ್ಣು ಎಡಕ್ಕೆ ಹೊರಳುತ್ತಿತ್ತು.

ಅದೇ ಉಪಾಯವನ್ನು ಬಹಳ ವರ್ಷಗಳ ಮೇಲೆ ಬೇರೆಯ ಕಡೆ ಓದಿದೆ. 1977ರಲ್ಲಿ ಬೋಯರ್ ಮತ್ತು ಮೂರ್ ಅನ್ನುವ ಇಬ್ಬರು ಪದ ಹುಡುಕುವ ಒಂದು ವಿಧಾನ ಪ್ರಕಟಿಸಿದರು. ಹುಡುಕಬೇಕಾದ ಪದದ ಕೊನೆಯ ಅಕ್ಷರವನ್ನು ಮೊದಲು ಹೊಂದಿಸಿ ನೋಡು, ಅಲ್ಲಿರುವ ಅಕ್ಷರ ನಿನ್ನ ಪದದಲ್ಲಿ ಎಲ್ಲಿಯೂ ಇಲ್ಲವಾದರೆ ಪದದ ಉದ್ದದಷ್ಟು ಜಾಗವನ್ನು ಒಂದೇ ನೆಗೆತಕ್ಕೆ ದಾಟಿಬಿಡು. ನಡುವಿನದನ್ನು ಓದುವ ಅಗತ್ಯವೇ ಇಲ್ಲ. ಹುಡುಕುವ ಪದ ಉದ್ದವಾದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಇವತ್ತು ಲಿನಕ್ಸ್ ಯಂತ್ರಗಳಲ್ಲಿ ಸಿಗುವ ಗ್ನೂ ಗ್ರೆಪ್ ಅಷ್ಟು ವೇಗವಾಗಿರುವುದಕ್ಕೆ ಅದೂ ಒಂದು ಕಾರಣ. ಎಲ್ಲವನ್ನೂ ಓದದೆ ಇರುವುದೇ ಅದರ ಜಾಣತನ. ಅದನ್ನು ಓದಿದ ದಿನ ಕಾಕಾ ಬದುಕಿರಲಿಲ್ಲ. ಇದ್ದಿದ್ದರೆ ಅಂಗಡಿಗೆ ಹೋಗಿ ಹೇಳಿ ಬರುತ್ತಿದ್ದೆ.

ಅವರು ಹೆಸರನ್ನಷ್ಟೇ ಹುಡುಕುತ್ತಿರಲಿಲ್ಲ, ಮನುಷ್ಯನನ್ನು ಹುಡುಕುತ್ತಿದ್ದರು. ಒಂದೇ ಊರಿನಲ್ಲಿ ಇಬ್ಬರು ನಿಂಗಪ್ಪ ಇದ್ದರೆ ಒಬ್ಬನ ಮುಂದೆ 'ಗಿಡ್ಡ' ಅಂತ, ಇನ್ನೊಬ್ಬನ ಮುಂದೆ 'ಕೆರಿ ಹೊಲ' ಅಂತ ಸಣ್ಣದಾಗಿ ಬರೆಯುತ್ತಿದ್ದರು. ಯಾರ ಮನೆಯಲ್ಲಿ ಮದುವೆ ಇದೆ, ಯಾರ ಬೆಳೆಗೆ ರೋಗ ಬಿದ್ದಿದೆ, ಯಾರು ಈ ವರ್ಷ ಮುಂಗಡ ತೀರಿಸಲಾರರು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಸಾಹುಕಾರರು ಸಿಟ್ಟಾದಾಗ "ಇರ್ಲಿ ಬಿಡ್ರಿ ಧಣಿ, ಮುಂದಿನ ಸುಗ್ಗಿಗೆ ಕೊಡ್ತಾನ" ಅಂತ ರೈತನ ಪರ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀಜು ಕಟ್ಟಿದವರೂ ಅವರೇ. ಅವರನ್ನು ಎಷ್ಟು ಪ್ರೀತಿಸುತ್ತಿದ್ದೆ ಅನ್ನುವುದನ್ನು ಮೊದಲು ಹೇಳಿಕೊಂಡೇ ಮುಂದಿನದನ್ನು ಹೇಳಬೇಕು.

ಒಂದು ಗುರುವಾರ ಸಂಜೆ ಹೆಣ್ಣುಮಗಳೊಬ್ಬಳು ಬಂದಳು. ಗಂಡ ಆ ವರ್ಷ ತೀರಿಹೋಗಿದ್ದ. ಕಟ್ಟೆಯ ಕೆಳಗೇ ನಿಂತು, "ಯಪ್ಪಾ, ನಮ್ಮ ಮನಿಯವರು ಅಂಗಡ್ಯಾಗ ಏನರ ರೊಕ್ಕ ಬಿಟ್ಟಿದ್ರೇನ್ರಿ, ನೋಡ್ರಿ" ಅಂದಳು. ಕಾಕಾ ಖಾತಾವಣಿ ತೆಗೆದರು. ಬೆರಳು ಬಲತುದಿಯಲ್ಲಿ ಜಾರುತ್ತ ಬಂದು ಒಂದು ಕಡೆ ನಿಂತಿತು. ಅವರು ತಲೆಯೆತ್ತಿ ಗಾದಿಯ ಮೇಲೆ ಕೂತಿದ್ದ ಸಾಹುಕಾರರ ಕಡೆ ನೋಡಿದರು. ಮತ್ತೆ ವಹಿ ನೋಡಿದರು. ಹಾಳೆ ತಿರುವಿದರು. "ಇಲ್ಲ ಯವ್ವಾ, ಸಿಗವಲ್ದು. ಮುಂದಿನ ವಾರ ಬಾ" ಅಂದರು. ಅವಳು ಮುಂದಿನ ವಾರವೂ ಬಂದಳು, ಅದರ ಮುಂದಿನ ವಾರವೂ ಬಂದಳು. ಆಮೇಲೆ ಬರುವುದನ್ನು ಬಿಟ್ಟಳು.

ಬೆರಳು ನಿಂತಿದ್ದು ನನಗೆ ಕಂಡಿತ್ತು. ಅದರ ಅರ್ಥ ಆಗುವಷ್ಟು ವಯಸ್ಸು ಆಗಿರಲಿಲ್ಲ. ಹುಡುಕುವಾಗ ಬೆರಳು ಹಾಗೆ ನಿಲ್ಲುತ್ತದೆ, ತಲೆ ಹಾಗೆ ಏಳುತ್ತದೆ ಅಂತಲೇ ತಿಳಿದಿದ್ದೆ.

ದಾವಣಗೆರೆಯಲ್ಲಿ ಓದು ಮುಗಿಸಿ ಬೆಂಗಳೂರಿಗೆ ಹೋದೆ. ಸಿಕ್ಕಿದ್ದು ರಾತ್ರಿ ಪಾಳಿ. ದೂರದೇಶದ ಯಾವುದೋ ಯಂತ್ರ ಕೆಟ್ಟರೆ, ಅದು ಬರೆದಿಟ್ಟ ದಾಖಲೆಯ ಲಕ್ಷಾಂತರ ಸಾಲುಗಳಲ್ಲಿ ಎಲ್ಲಿ ತಪ್ಪಾಯಿತೆಂದು ನೋಡುವುದು ಕೆಲಸ. ಅಷ್ಟು ದೊಡ್ಡ ಕಡತ ತೆರೆಯಲು ಹೋದರೆ ಕಂಪ್ಯೂಟರೇ ನಿಂತುಬಿಡುತ್ತಿತ್ತು. ತಂಡದಲ್ಲಿ ರಾಣೇಬೆನ್ನೂರು ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು, ನಾವೆಲ್ಲ ಅಕ್ಕಾ ಅನ್ನುತ್ತಿದ್ದೆವು. ಹಿಂದಿನಿಂದ ಬಂದು ನಿಂತು, "ಫೈಲ್ ಯಾಕ ತಗೀತಿ ತಮ್ಮಾ? ಫೈಲಿಗೆ ಕೇಳು" ಅಂದರು. ಕೀಲಿಮಣೆ ತಮ್ಮ ಕಡೆ ಎಳೆದುಕೊಂಡು ಒಂದು ಸಾಲು ಬರೆದರು. ಉಸಿರು ಬಿಡುವಷ್ಟರಲ್ಲಿ ಬೇಕಾದ ಸಾಲುಗಳಷ್ಟೇ ಪರದೆಯ ಮೇಲಿದ್ದವು.

ಗ್ರೆಪ್‌ನ ಕತೆಯನ್ನು ಹೇಳಿದವರೂ ಆ ಅಕ್ಕನೇ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನು ಬರೆದದ್ದು. 1973ರ ಯೂನಿಕ್ಸ್ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಅದು ಹೊರಗೆ ಬಂದಿತ್ತು. ಅಲ್ಲಿಯೇ ಇದ್ದ ಲೀ ಮೆಕ್‌ಮಹೊನ್ ಎಂಬವರಿಗೆ ಫೆಡರಲಿಸ್ಟ್ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರು ಅನ್ನುವುದನ್ನು ಪದಗಳ ಬಳಕೆಯಿಂದ ಕಂಡುಹಿಡಿಯುವ ಆಸೆಯಿತ್ತು. ಅಮೆರಿಕದ ಸಂವಿಧಾನದ ಪರವಾಗಿ 18ನೇ ಶತಮಾನದಲ್ಲಿ ಗುಪ್ತನಾಮದಲ್ಲಿ ಬರೆದ 85 ಪ್ರಬಂಧಗಳವು. ಆಗಿನ ಯಂತ್ರಗಳ ಸ್ಮೃತಿ ಕಿಲೋಬೈಟುಗಳ ಲೆಕ್ಕದ್ದು, ಆ ಪಠ್ಯವಷ್ಟನ್ನೂ ಸಂಪಾದಕ ತಂತ್ರಾಂಶದೊಳಗೆ ತೆರೆಯಲು ಆಗುತ್ತಿರಲಿಲ್ಲ. ಹಾಗಾಗಿ ಥಾಂಪ್ಸನ್ ಆ ಸಂಪಾದಕದಿಂದ ಹುಡುಕುವ ಭಾಗವನ್ನಷ್ಟೇ ಬಿಡಿಸಿ, ಕಡತವನ್ನು ಸಾಲುಸಾಲಾಗಿ ಓದಿಕೊಂಡು ಹೋಗುವ ಪುಟ್ಟ ಆಜ್ಞೆ ಮಾಡಿದರು. ತೆರೆಯಲಾಗದ ಕಡತಕ್ಕೆ ಪ್ರಶ್ನೆ ಕೇಳಲೆಂದೇ ಅದು ಹುಟ್ಟಿದ್ದು. ಐವತ್ತು ವರ್ಷ ದಾಟಿದರೂ ಅದರ ನಡತೆ ಬದಲಾಗಿಲ್ಲ.

ಆ ರಾತ್ರಿಗಳಲ್ಲೊಮ್ಮೆ ನನಗೆ ಆ ಗುರುವಾರದ ಸಂಜೆ ಅರ್ಥವಾಯಿತು. ಪರದೆಯ ಮೇಲೆ ಸಿಕ್ಕಿದ ಸಾಲುಗಳಲ್ಲಿ ನಮ್ಮದೇ ತಂಡದ ತಪ್ಪಿನ ಸಾಲೂ ಇತ್ತು. ಮೇಲಿನವರು ಅದನ್ನು ವರದಿಯಿಂದ ಬಿಡಲು ಹೇಳಿದರು. ಗ್ರೆಪ್ ಮಾತ್ರ ಅದನ್ನು ಬಿಟ್ಟಿರಲಿಲ್ಲ. ಕೇಳುತ್ತಿರುವವರು ಯಾರು, ಗಾದಿಯ ಮೇಲೆ ಕೂತವರ ಮುಖ ಹೇಗಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಆವತ್ತು ಕಾಕಾಗೆ ಸಾಲು ಸಿಕ್ಕಿತ್ತು. ಸಿಕ್ಕಿದ ಮೇಲೆಯೇ ಅವರು ತಲೆಯೆತ್ತಿ ನೋಡಿದ್ದು. ನೆನಪಿನ ದೊಡ್ಡ ಶಕ್ತಿಯಿದ್ದ ಮನುಷ್ಯ, ಆ ಶಕ್ತಿಯನ್ನು ಸಂಬಳ ಕೊಡುವವರಿಗೆ ಬಿಟ್ಟುಕೊಟ್ಟಿದ್ದರು. ವಹಿ ಓದಬಲ್ಲವರು ಒಬ್ಬರೇ ಇದ್ದಾಗ, ಆ ಒಬ್ಬರು ಏನು ಹೇಳಿದರೆ ಅದೇ ಲೆಕ್ಕ. ಅವರ ಒಳ್ಳೆಯತನ ರೈತರಿಗೆ ಎಷ್ಟೋ ಸಲ ನೆರಳಾಗಿತ್ತು, ನಿಜ. ಆದರೆ ಒಬ್ಬರ ಒಳ್ಳೆಯತನವನ್ನು ನಂಬಿಕೊಂಡೇ ಲೆಕ್ಕ ಕೇಳಬೇಕಾದ ಸ್ಥಿತಿಯಲ್ಲಿ ಆ ಹೆಣ್ಣುಮಗಳು ಇರಬಾರದಿತ್ತು.

ಪೆನ್‌ಡ್ರೈವಿಗೆ ಬರುತ್ತೇನೆ. ಹೆಸರು ಸಿಗದಿದ್ದುದಕ್ಕೆ ಕಾರಣ ಬೇಗ ತಿಳಿಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಂಗಡಿಗೆ ಕಂಪ್ಯೂಟರ್ ಬಂದಾಗ ಲೆಕ್ಕವನ್ನು ನುಡಿಯಲ್ಲಿ ಬೆರಳಚ್ಚು ಮಾಡಿಸಿದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಆ ಕಾಲಕ್ಕೆ ದೊಡ್ಡ ಉಪಕಾರ. ಸರ್ಕಾರಿ ಕಚೇರಿಯಿಂದ ಮದುವೆ ಕಾರ್ಡಿನ ಅಂಗಡಿಯವರೆಗೆ ಎಲ್ಲರೂ ಅದನ್ನೇ ನೆಚ್ಚಿಕೊಂಡಿದ್ದರು. ಆದರೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಕಡತದೊಳಗೆ ಕನ್ನಡ ಅಕ್ಷರ ಇರುವುದಿಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಲಿಪಿಯ ಗುರುತುಗಳಿರುತ್ತವೆ. ಅವುಗಳಿಗೆ ಕನ್ನಡದ ಚಿತ್ರ ತೊಡಿಸುವುದು ಫಾಂಟು. ಫಾಂಟು ತೆಗೆದರೆ 'ಕ' ಅಕ್ಷರ ಒಂದು ಪಿ ಮತ್ತು ತಲೆಯ ಮೇಲೆ ಓರೆಗೆರೆಯಿರುವ ಒಂದು ಎ ಆಗಿಬಿಡುತ್ತದೆ. 'ನ' ಇದ್ದ ಕಡೆ ಬ್ರಿಟಿಷ್ ಪೌಂಡಿನ ಗುರುತು, 'ಪ' ಇದ್ದ ಕಡೆ ಜಪಾನಿನ ಯೆನ್ನಿನ ಗುರುತು. ನಮ್ಮ ನಾಗಪ್ಪಗಳೆಲ್ಲ ಪೌಂಡು, ಯೆನ್ನು ಹೊತ್ತು ಕೂತಿದ್ದರು. ನಾನು ಯೂನಿಕೋಡ್ ಕನ್ನಡದಲ್ಲಿ ಕೇಳುತ್ತಿದ್ದೆ, ಅಲ್ಲಿ ಯೂನಿಕೋಡ್ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಇದು ಆ ಒಂದು ಅಂಗಡಿಯ ಸಮಸ್ಯೆಯಲ್ಲ. ಎಷ್ಟೋ ವರ್ಷಗಳ ಕನ್ನಡ ಬರಹ, ಕಚೇರಿ ಕಡತ, ಪುಸ್ತಕಗಳ ಅಚ್ಚಿನ ಪ್ರತಿ ಹೀಗೆಯೇ ಕಣ್ಣಿಗೆ ಕನ್ನಡವಾಗಿ, ಹುಡುಕಾಟಕ್ಕೆ ಸಿಗದೆ ಬಿದ್ದಿದೆ. ಇದನ್ನು ಬಿಡಿಸುವ ಕೆಲಸವನ್ನು ಕೆಲವರು ತಮ್ಮ ಬಿಡುವಿನ ವೇಳೆಯಲ್ಲಿ ಮಾಡಿದ್ದಾರೆ ಅನ್ನುವುದು ನನಗೆ ಹೆಮ್ಮೆ. ಅರವಿಂದ ವಿ.ಕೆ. ಅವರು ನುಡಿ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ಬರೆದು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ. ಕಡತಗಳನ್ನು ಸರಳ ಪಠ್ಯವಾಗಿಸಿ ಅದರೊಳಗೆ ಹಾಯಿಸಿದೆ. ಅಕ್ಷರಗಳು ಅಕ್ಷರಗಳಾದವು.

ಆಮೇಲೆ ಎದುರಾದದ್ದು ನಮ್ಮ ಬರವಣಿಗೆಯ ರೂಢಿ. ಒಂದೇ ಊರನ್ನು ರಾಣೇಬೆನ್ನೂರು, ರಾಣೆಬೆನ್ನೂರು, ರಾಣಿಬೆನ್ನೂರು ಎಂದು ಮೂರು ಬಗೆಯಲ್ಲಿ ಬರೆದಿದ್ದರು. ಬ್ಯಾಡಗಿ, ಬ್ಯಾಡ್ಗಿ, ಬ್ಯಾಡಿಗಿ ಎಲ್ಲವೂ ಇದ್ದವು. ಮಾದರಿ ಕಟ್ಟುವ ಕಲೆ ಉಪಯೋಗಕ್ಕೆ ಬರುವುದು ಇಲ್ಲಿ. 'ರಾಣ' ಬರೆದು, ಒಂದು ಚುಕ್ಕಿ ಇಟ್ಟು, 'ಬೆನ್ನೂರ' ಅಂತ ಮುಗಿಸಿದರೆ ಮೂರೂ ಸಿಗುತ್ತವೆ. ಚುಕ್ಕಿ ಅಂದರೆ ಅಲ್ಲಿ ಯಾವುದೇ ಒಂದು ಸಂಕೇತ ಇರಬಹುದು ಅಂತ. ಕಂಪ್ಯೂಟರಿಗೆ ನಮ್ಮ ಗುಣಿತದ ಗುರುತು ಬೇರೆಯದೇ ಒಂದು ಸಂಕೇತ, ಹಾಗಾಗಿ ಏತ್ವ, ಎತ್ವ, ಗುಡಿಸು ಯಾವುದಿದ್ದರೂ ಚುಕ್ಕಿಗೆ ಒಗ್ಗುತ್ತದೆ. ಈಚಿನ ಕಡತಗಳಲ್ಲಿ ಇನ್ನೊಂದು ತೊಡಕಿತ್ತು. 'ನಿಂಗಪ್ಪ'ನ ಅನುಸ್ವಾರದ ಜಾಗದಲ್ಲಿ ಯಾರೋ ಕನ್ನಡದ ಸೊನ್ನೆ ಒತ್ತಿದ್ದರು. ಓದುವವರಿಗೆ ಎರಡೂ ಒಂದೇ, ಗ್ರೆಪ್‌ಗೆ ಎರಡೂ ಬೇರೆ. 1997ರ ಆಗಸ್ಟ್ 24ಕ್ಕೆ ಹಾವೇರಿ ಜಿಲ್ಲೆಯಾದ ಎಷ್ಟೋ ವರ್ಷಗಳ ಮೇಲೂ ಕೆಲವು ವಿಳಾಸಗಳಲ್ಲಿ 'ಜಿ: ಧಾರವಾಡ' ಎಂದೇ ಇತ್ತು. ಅದನ್ನೂ ಮಾದರಿಯಲ್ಲಿ ಸೇರಿಸಿದೆ.

ಈ ಪಾಠ ನನಗೆ ಮೊದಲು ಸಿಕ್ಕಿದ್ದು ವಚನಗಳಿಂದ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ರಾಣೇಬೆನ್ನೂರು ತಾಲ್ಲೂಕಿನ ಊರು, ಅಂಬಿಗರ ಚೌಡಯ್ಯನ ಹೆಸರಿನ ಊರು. ಅವನ ವಚನಗಳ ಅಂಕಿತ ಅವನ ಹೆಸರೇ. 'ಅಂಬಿಗ' ಅಂತ ಹುಡುಕಿದರೆ ಆ ಅಂಕಿತವಿರುವ ಎಷ್ಟೋ ವಚನಗಳು ಸಿಗುವುದಿಲ್ಲ. ಹಿಂದಿನ ಪದದ ಜೊತೆ ಸಂಧಿಯಾಗಿ ಮೊದಲ 'ಅ' ಕರಗಿಹೋಗಿರುತ್ತದೆ. ಅನುಸ್ವಾರದಿಂದ ಶುರುಮಾಡಿ 'ಂಬಿಗ' ಎಂದು ಕೇಳಬೇಕು. ಅರ್ಧ ಅಕ್ಷರದಿಂದ ಶುರುವಾಗುವ ಪದವನ್ನು ಯಾವ ನಿಘಂಟೂ ಒಪ್ಪುವುದಿಲ್ಲ, ಆದರೂ ಕನ್ನಡದಲ್ಲಿ ಹುಡುಕಲು ಅದೇ ದಾರಿ. ಇಂಗ್ಲಿಷಿಗೆಂದು ಮಾಡಿದ ಸಲಕರಣೆಯನ್ನು ಕನ್ನಡದ ಕೈಗೆ ಪಳಗಿಸಬೇಕಾದರೆ ವ್ಯಾಕರಣ ಬಲ್ಲವರೂ ಕಂಪ್ಯೂಟರ್ ಬಲ್ಲವರೂ ಜೊತೆಗೆ ಕೂರಬೇಕು. 20,000ಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿದ ವಚನ ಸಂಚಯ ಹಾಗೆ ಕೂತವರ ಕೆಲಸ.

ಕೊನೆಗೆ ಆ ತಂದೆಯ ಸಾಲುಗಳು ಬಂದವು. ವರ್ಷವಾರು ಪಟ್ಟಿ, ತೂಕ, ದರ, ಮುಂಗಡ ಎಲ್ಲ ಇತ್ತು. ಮಗಳಿಗೆ ಹಿಸ್ಸೆಗೆ ಬೇಕಾದದ್ದು ಸಿಕ್ಕಿತು. ಅವುಗಳ ನಡುವೆ ಅವಳು ಕೇಳದಿದ್ದ ಒಂದು ಸಾಲೂ ಇತ್ತು: 'ಕೊಡುವ ಬಾಕಿ'. ಅಂಗಡಿಯಿಂದ ರೈತನಿಗೆ ಸಲ್ಲಬೇಕಾದ ಹಣ. ಅದು ಒಂದು ವರ್ಷದಿಂದ ಇನ್ನೊಂದಕ್ಕೆ ಅಷ್ಟೇ ಮೊತ್ತದಲ್ಲಿ ಸಾಗಿಬಂದು, ಹೊಸ ತಂತ್ರಾಂಶಕ್ಕೆ ಲೆಕ್ಕ ವರ್ಗಾಯಿಸಿದ ವರ್ಷದಿಂದ ಕಾಣೆಯಾಗಿತ್ತು. ಕೊಟ್ಟದ್ದಕ್ಕೆ ಯಾವ ನಮೂದೂ ಇರಲಿಲ್ಲ.

ಈಗ ಹುಡುಕಾಟಕ್ಕೆ ನಯವಾದ ಉತ್ತರ ಬರೆದುಕೊಡುವ ಯಂತ್ರಗಳು ಬಂದಿವೆ. ಕೇಳಿದರೆ ಇಡೀ ಖಾತೆಯ ಸಾರಾಂಶ ಹೇಳಬಹುದು. ಅವುಗಳನ್ನು ನಾನೂ ಬಳಸುತ್ತೇನೆ. ಲೆಕ್ಕದ ವಿಷಯದಲ್ಲಿ ಮಾತ್ರ ನನಗೆ ಸಾರಾಂಶ ಬೇಡ, ಸಾಲೇ ಬೇಕು. ಯಾವ ಕಡತ, ಎಷ್ಟನೆಯ ಸಾಲು ಎಂದು ಬೆರಳಿಟ್ಟು ತೋರಿಸಬೇಕು, ಅದನ್ನು ಇನ್ನೊಬ್ಬರು ತೆರೆದು ಓದುವಂತಿರಬೇಕು. ಹಾಗಾಗಿ ಒಂದು ಸಾಲನ್ನೂ ತೆಗೆಯದೆ ಎಲ್ಲವನ್ನೂ ಗೆಳೆಯನಿಗೆ ಕಳಿಸಿದೆ.

ರಾತ್ರಿ ಫೋನ್ ಮಾಡಿದ. ತುಸು ಹೊತ್ತು ಮಾತಾಡಲಿಲ್ಲ. "ಕಡೀ ಸಾಲ ನೋಡಿದಿ?" ಅಂದ. ನೋಡಿದೆ ಅಂದೆ. ಅವನಿಗೆ ಆ ಹಳೆಯ ಗುರುವಾರದ ವಿಷಯ ಹೇಳಿದೆ. ಅವನ ಅಜ್ಜನ ಬಗ್ಗೆ ಹೇಳುವಾಗ ನಾಲಿಗೆ ತಡೆಯುತ್ತಿತ್ತು, ಆದರೂ ಹೇಳಿದೆ. ಅವನು ಸಮರ್ಥನೆಗೆ ಹೋಗಲಿಲ್ಲ. "ಆ ಹೆಣ್ಮಗಳು ಯಾವೂರಾಕಿ?" ಅಂತಷ್ಟೇ ಕೇಳಿದ. ಊರಿನ ಹೆಸರು ನನಗೆ ನೆನಪಿರಲಿಲ್ಲ. ಆ ಕಾಲದ ಕೆಂಪು ವಹಿಗಳು ಗೂಡಿನಲ್ಲಿ ಈಗ ಇಲ್ಲ, ರದ್ದಿಗೆ ಹೋಗಿ ಬಹಳ ವರ್ಷವಾಗಿದೆ. ಬೆರಳಚ್ಚು ಆಗದ ಸಾಲನ್ನು ಯಾವ ಗ್ರೆಪ್ಪೂ ತರಲಾರದು.

ಎರಡು ದಿನ ಬಿಟ್ಟು ಅವನೇ ಮತ್ತೆ ಕೇಳಿದ: ಹೀಗೆ ಕಾಣೆಯಾದ ಬಾಕಿ ಇನ್ನೂ ಎಷ್ಟಿವೆ, ತೆಗೆಯಲು ಬರುತ್ತದೆಯೇ ಅಂತ. ಬರುತ್ತದೆ. ಹಳೆಯ ವರ್ಷದ ಕೊನೆಯ 'ಕೊಡುವ ಬಾಕಿ' ಸಾಲುಗಳಿಂದ ಹೆಸರುಗಳನ್ನು ಬೇರ್ಪಡಿಸಿ ಒಂದು ಕಡತ ಮಾಡಬೇಕು. ಆ ಹೆಸರುಗಳನ್ನೇ ಒಂದೊಂದಾಗಿ ಮಾದರಿಯಾಗಿ ಕೊಟ್ಟು ಹೊಸ ವರ್ಷದ ಲೆಕ್ಕದಲ್ಲಿ ಹುಡುಕಬೇಕು. ಯಾವುದಕ್ಕೆ ಉತ್ತರ ಬರುವುದಿಲ್ಲವೋ ಅವು ನಮಗೆ ಬೇಕಾದವು. ಮಾಡಿದೆ. ಯಾದಿ ನಾವಿಬ್ಬರೂ ಅಂದುಕೊಂಡದ್ದಕ್ಕಿಂತ ಉದ್ದವಿದೆ. ಮೊತ್ತಗಳು ಹೆಚ್ಚಿನವು ಸಣ್ಣವು. ಮೋಟೆಬೆನ್ನೂರಿನ ಹೆಣ್ಣುಮಗಳಿಗೆ ಹಣ ಮುಟ್ಟಿದೆ. ಉಳಿದವರನ್ನು ಊರೂರಿನಂತೆ ಹುಡುಕಿ ಕೊಡುವುದೆಂದು ಅವನು ನಿಶ್ಚಯಿಸಿದ್ದಾನೆ. ಮನೆಯಲ್ಲಿ ಅವನ ಅಣ್ಣನಿಗೆ ಇದು ಇಷ್ಟವಿಲ್ಲ, ಆ ಜಗಳ ಇನ್ನೂ ಮುಗಿದಿಲ್ಲ.

ಯಾದಿಯಲ್ಲಿ ಒಂದೇ ಊರಿನ ಇಬ್ಬರು ನಿಂಗಪ್ಪಂದಿರು ಇದ್ದಾರೆ, ತಂದೆಯ ಹೆಸರೂ ಒಂದೇ. ಬೆರಳಚ್ಚು ಮಾಡಿದವರು 'ಗಿಡ್ಡ' ಅನ್ನುವುದನ್ನೂ 'ಕೆರಿ ಹೊಲ' ಅನ್ನುವುದನ್ನೂ ಬಿಟ್ಟಿದ್ದಾರೆ. ನಮ್ಮಪ್ಪನ ಜೊತೆ ದುಡಿದ ಹಿರಿಯ ಹಮಾಲರೊಬ್ಬರು ಕದರಮಂಡಲಗಿ ರಸ್ತೆಯ ಕಡೆ ಇದ್ದಾರೆ, ಆ ಕಾಲದ ರೈತರ ಮುಖ ಅವರಿಗೆ ಗೊತ್ತು. ಬರುವ ಗುರುವಾರ ಯಾದಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಅವರ ಮನೆಗೆ ಹೋಗುವವರಿದ್ದೇವೆ. ಪ್ರತಿ ಹೆಸರಿನ ಮುಂದೆ ಅವರು ಹೇಳಿದ್ದನ್ನು ಬರೆದುಕೊಳ್ಳಲು ಜಾಗ ಬಿಟ್ಟಿದ್ದೇನೆ.